ತೊಟ್ಟಿಲಿಗೆ ತಂದ ಕಡಲಕಲ್ಲು

ಕಾಲು ಒದೀಬೇಡ ಕಣೇ, ಕಂಬಳಿ ಎಲ್ಲಾ ನೀನೇ ಎಳ್ಕೊಂಡ್ರೆ ನಾನೇನು ಹೊದೀಲಿ? ನಾಳೆ ನಿನ್ನ ತಮ್ಮನ್ನ ತೊಟ್ಟಿಲಿಗೆ ಹಾಕ್ತಾರೆ, ಬೇಗ ಏಳ್ಬೇಕು. ಶಾಸ್ತ್ರ ಆದ್ಮೇಲೆ ಆ ಒರಳಿನ ಗುಂಡುಕಲ್ಲನ್ನ ಬೊಂಬೆ ಮಾಡಿ ಇಟ್ಕೋತೀನಿ ಅಂದ್ಯಲ್ಲ, ಹಂಗೆ ಇಟ್ಕೊಂಡ್ರೆ ಏನಾಗುತ್ತೆ ಅಂತ ಹೇಳ್ತೀನಿ ಕೇಳು.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಲ್ಲು ಬರೋಕೆ ಮುಂಚೆ, ದೂರದ ಉತ್ತರದ ಕಡೆ ಒಂದು ಚಳಿದೇಶ ಇತ್ತಂತೆ. ಅಲ್ಲೊಂದು ಸಮುದ್ರ. ಕಾಲಿಟ್ರೆ ಮೂಳೆ ಜುಮ್ ಅನ್ನೋಷ್ಟು ತಣ್ಣಗಿನ ನೀರು. ದಡದಲ್ಲಿ ಮರಳೇ ಇಲ್ಲ, ಕಣ್ಣು ಹಾಯೋವರೆಗೂ ಬರೀ ನುಣುಪು ಕಲ್ಲು. ದಾರಿ ಇಲ್ಲ, ಗುಡಿಸಲಿಲ್ಲ, ದೋಣಿ ಕಟ್ಟೋ ಗೂಟ ಕೂಡ ಇಲ್ಲ. ಅಲೆ ಹಿಂದಕ್ಕೆ ಹೋಗೋವಾಗ ಕಲ್ಲೆಲ್ಲ ಗಳಗಳ ಉರುಳೋದಂತೆ. ಸಮುದ್ರದ ತಾಯಿ ಮಕ್ಕಳನ್ನ ತೂಗ್ತಿದ್ದಾಳೆ, ಅತ್ತ ಹೋಗ್ಬೇಡಿ ಅಂತ ಊರಿನೋರು ಹೇಳ್ತಿದ್ರಂತೆ.

ಆ ಊರಲ್ಲಿ ಸಾಕಮ್ಮ ಅಂತ ಒಬ್ಬಳು, ಹರಕೆ ಹೊತ್ತು ಹೊತ್ತು ಒಂದು ಗಂಡು ಕೂಸು ಹಡೆದಳಂತೆ. ತೊಟ್ಟಿಲಿಗೆ ಹಾಕೋ ದಿನ ಒರಳಿನ ಗುಂಡುಕಲ್ಲಿಗೆ ಎಣ್ಣೆ ಅರಿಶಿನ ಹಚ್ಚಿ, ಕಾಡಿಗೆ ಇಟ್ಟು, ಮೊದಲು ಅದನ್ನ ಮಲಗಿಸಿ, ಗುಂಡಪ್ಪನ್ನ ತಗೋ, ಕೂಸಪ್ಪನ್ನ ಕೊಡು ಅಂತ ಮೂರು ಸಲ ಹೇಳಿ, ಆಮೇಲೆ ಕಲ್ಲು ಎತ್ತಿ ಕೂಸನ್ನ ಮಲಗಿಸ್ತಾರಲ್ಲ, ಅಲ್ಲೂ ಹಂಗೇ. ಸಾಕಮ್ಮನಿಗೋ ಅಡುಗೆಮನೆ ಕರೀಕಲ್ಲು ಬೇಡವಾಯ್ತು. ನನ್ನ ಕೂಸಿಗೆ ಚೆಂದದ್ದೇ ಆಗ್ಬೇಕು ಅಂತ ಹಟ. ಯಾರಿಗೂ ಹೇಳದೆ ಆ ದಡಕ್ಕೆ ಹೋಗಿ, ಮೊಟ್ಟೆ ಥರ ಬೆಳ್ಳಗಿರೋ ಒಂದು ಕಲ್ಲನ್ನ ಸೆರಗಲ್ಲಿ ಕಟ್ಕೊಂಡು ಬಂದಳಂತೆ. ಅತ್ತೆ ನೋಡಿದ್ಳು, ಎದೆ ಧಸಕ್ ಅಂತು. ತಂದಿದ್ದು ತಂದಾಯ್ತು, ಶಾಸ್ತ್ರ ಮುಗಿದ ತಕ್ಷಣ ಇದ್ದ ಕಡೆಗೇ ಇಟ್ಟು ಬಾ ಮಾರಾಯ್ತಿ ಅಂದಳಂತೆ. ಹೂಂ ಅಂದ್ಳು ಸಾಕಮ್ಮ. ಇಟ್ಟು ಬಂದಳಾ? ಇಲ್ಲ. ಚೆಂದ ಇದೆ ಅಂತ ತೊಟ್ಟಿಲ ಮೂಲೆಯಲ್ಲೇ ಬಚ್ಚಿಟ್ಟಳು, ನಿನ್ನ ಥರಾನೇ.

ಆಮೇಲೆ ಮೊದಲನೇ ದಿನ ಕೂಸಿನ ಪಾದ ತಣ್ಣಗಾಯ್ತಂತೆ. ಎರಡನೇ ದಿನ ಕೈ. ಮೂರನೇ ದಿನ ಅಳೋದೇ ನಿಲ್ಲಿಸಿಬಿಡ್ತು, ಹಾಲಿಗೂ ಬಾಯಿ ತೆಗೀಲಿಲ್ಲ. ಸಾಂಬ್ರಾಣಿ ಹೊಗೆ ಹಾಕಿದ್ರು, ಬಜೆ ತೇದು ನೆಕ್ಕಿಸಿದ್ರು, ಏನೂ ಆಗ್ಲಿಲ್ಲ. ಮೂಲೆಯಲ್ಲಿದ್ದ ಕಲ್ಲು ಮುಟ್ಟಿದ್ರೆ, ಅದು ಬೆಚ್ಚಗಿದೆ! ಸಾಕಮ್ಮನಿಗೆ ಜೀವ ಬಾಯಿಗೆ ಬಂತು. ಕೂಸನ್ನ ಬೆನ್ನಿಗೆ ಕಟ್ಕೊಂಡು, ಕಲ್ಲನ್ನ ಮಡಿಲಲ್ಲಿಟ್ಕೊಂಡು ಓಡಿದಳಂತೆ.

ಇಲ್ಲ ಕಣೇ, ಸಾಯಲಿಲ್ಲ. ಮಧ್ಯೆ ಬಾಯಿ ಹಾಕ್ಬೇಡ.

ದಡದಲ್ಲಿ ನಿಂತು, ತಗೋ ನಿನ್ನ ಕಲ್ಲು ಅಂತ ನೀರಿಗೆ ಎಸೆದಳಂತೆ. ಅಲೆ ಬಂದು ಅದನ್ನ ಅವಳ ಕಾಲ ಹತ್ರಾನೇ ತಂದು ಹಾಕ್ತು. ಬೆನ್ನ ಮೇಲೆ ಕೂಸು ಮಿಸುಕಲಿಲ್ಲ. ಆಮೇಲೆ ಬೇರೆ ಕಲ್ಲುಗಳ ಮಧ್ಯೆ ಇಟ್ಟು ಕೈಮುಗಿದು ಹೊರಟಳಂತೆ. ಹಿಂದೆ ಗಳಗಳ ಸದ್ದು, ತಿರುಗಿ ನೋಡಿದ್ರೆ ಕಲ್ಲು ಅವಳ ಹಿಂದೇನೇ ಉರುಳ್ಕೊಂಡು ಬರ್ತಿದೆ! ಇನ್ನೇನು ಮಾಡ್ಲಿ ಶಿವನೇ ಅಂತ ಅದನ್ನ ಎತ್ಕೊಂಡು ಗೊಳೋ ಅಂತ ಅತ್ತಳಂತೆ. ಆಗ ನೋಡ್ತಾಳೆ, ತಾನೇ ಇಟ್ಟ ಕಾಡಿಗೆ ಇನ್ನೂ ಅದರ ಮೇಲಿದೆ. ಅಯ್ಯೋ ಪಾಪಿ ನಾನು, ಇದೂ ಒಬ್ಬ ತಾಯಿಯ ಕೂಸಲ್ವಾ, ಕೂಸನ್ನ ಯಾರಾದ್ರೂ ಎಸೀತಾರಾ, ನೆಲದ ಮೇಲೆ ಬಿಟ್ಟು ಹೋಗ್ತಾರಾ ಅನ್ನಿಸ್ತಂತೆ.

ಆಮೇಲೆ ನೀರಿಗೇ ಇಳಿದಳಂತೆ. ಮೊಣಕಾಲು ಮುಳುಗ್ತು, ತೊಡೆ ಮುಳುಗ್ತು, ಸೊಂಟ ಮುಳುಗ್ತು. ಹಲ್ಲು ಕಟಕಟ ಅಂತಿದೆ, ಒಂದು ದೊಡ್ಡ ಅಲೆ ಎದ್ರೆ ತಾಯಿ ಮಗು ಇಬ್ಬರೂ ಹೋದ ಹಾಗೇ. ಆದ್ರೂ ಎರಡು ಕೈಯಲ್ಲೂ ಕಲ್ಲನ್ನ ಹಿಡ್ಕೊಂಡು, ಎಳೇ ಕೂಸನ್ನ ಇನ್ನೊಬ್ಬರ ಮಡಿಲಿಗೆ ಕೊಡೋ ಹಾಗೆ ಚಾಚಿ, ಗುಂಡಪ್ಪನ್ನ ತಗೋ ತಾಯಿ, ಕೂಸಪ್ಪನ್ನ ಕೊಡು ಅಂದಳಂತೆ. ಹಂಗೇ ಮೂರು ಸಲ ಹೇಳಿದಳಂತೆ. ಸಮುದ್ರ ಸುಮ್ಮನಾಯ್ತು, ದಡದಲ್ಲಿ ಒಂದು ಕಲ್ಲೂ ಉರುಳಲಿಲ್ಲ. ಯಾರೋ ಮೆಲ್ಲಗೆ ಇಸ್ಕೊಂಡ ಹಾಗೆ ಕೈಯ ಭಾರ ಇಳೀತಂತೆ.

ಅಷ್ಟರಲ್ಲಿ ಅವಳ ಬೆನ್ನ ಮೇಲೆ ಬಿಸಿಬಿಸಿಯಾಗಿ ಏನೋ ಹರೀತು. ಉಚ್ಚೆ ಕಣೇ! ಹಿಂದೆಯೇ ಕೂಸು ಕಿಟಾರ್ ಅಂತ ಕಿರುಚ್ತು. ಸಾಕಮ್ಮ ನಗ್ತಾ ಅಳ್ತಾ ಮನೆ ಸೇರಿದಳಂತೆ, ಅತ್ತೆ ಒಲೆ ಮುಂದೆ ಕೂರಿಸಿ ಬೈದೂ ಬೈದೂ ಮೆಣಸಿನ ಸಾರು ಕುಡಿಸಿದಳಂತೆ. ಆಮೇಲೆ ಎಲ್ಲಾ ಸುಖವಾಗಿದ್ರು.

ಏ, ಎಲ್ಲಿಗೆ ಎದ್ದೆ? ತಮ್ಮನ ಪಾದ ಮುಟ್ಟಿ ನೋಡ್ಬೇಕಾ? ನೋಡು, ಎಬ್ಬಿಸ್ಬೇಡ. ಬೆಚ್ಚಗಿದೆಯಾ? ಹಾಂ. ನಾಳೆ ಕಲ್ಲನ್ನ ಒರಳಿಗೆ ನೀನೇ ವಾಪಸ್ ಇಡ್ತೀಯಾ? ಸರಿ, ಎರಡು ಕೈಯಲ್ಲಿ ಹಿಡ್ಕೊಂಡು ಹೋಗು. ಬಾ ಈಗ, ಕಂಬಳಿ ಒಳಗೆ ಬಾ. ಕಲ್ಲು ತಾಯಿ ಹತ್ರ ಹೋಯ್ತು, ಕತೆ ಮುಗೀತು, ನೀನೂ ನಿದ್ದೆಗೆ ಹೋಗು.