ಪರೀಕ್ಷೆಗೆ ಸಿಗದ ಕೆನೆ

ಹಾಲಿನ ಡೇರಿಯ ಲ್ಯಾಬಿನಲ್ಲಿ ನಾನು ಕೊಬ್ಬಿನಂಶ ಅಳೆಯುತ್ತಿದ್ದ ಕಾಲ, ಅದೆಂಥ ಚಂದದ ಕಾಲ ಅಂತೀರಿ! ಆ ಹಸಿ ಹಾಲಿನ ವಾಸನೆ ನೆನೆದರೆ ಇವತ್ತಿಗೂ ಮನಸ್ಸು ಅರಳುತ್ತದೆ. ಆಗ ಹೊಸದಾಗಿ ಬಂದವರು ಸೂಪರಿಂಟೆಂಡೆಂಟ್ ಪದ್ಮರಾಜಯ್ಯ. ಹಾಲು ಕಲಕಿ ಸ್ಯಾಂಪಲ್ ತೆಗೆಯುವುದು ಕಾಲಹರಣವಂತೆ. ಕ್ಯಾನಿಗೆ ಉದ್ದನೆಯ ಗಾಜಿನ ಕೊಳವೆ ಇಳಿಸಿ, ತಳದಿಂದ ಎಳೆದರೆ ಸಾಕಂತೆ. ನಾನು ಬೇಡವೆಂದೆ. ಕೇಳಬೇಕಲ್ಲ!

ಒಂದು ಬೆಳಿಗ್ಗೆ, ದಿನವೂ ಡೇರಿಗೆ ಹಾಲು ಹಾಕುತ್ತಿದ್ದ ಚಿಕ್ಕತಾಯಮ್ಮನ ಎಮ್ಮೆ ಹಾಲು ಸಾಲಿನಲ್ಲಿ ಬಹಳ ಹೊತ್ತು ನಿಂತು, ಕೆನೆಯೆಲ್ಲ ಮೇಲೇರಿತ್ತು. ತಳದ ಹಾಲು ಅಳೆದರೆ ಕೊಬ್ಬು ಬರೀ ಶೇಕಡಾ ಮೂರು.

"ನೀರು ಬೆರೆಸಿದ್ದೀಯ! ಇವತ್ತಿನದಕ್ಕೆ ಮೂರರ ರೇಟು. ನಾಳೆಯಿಂದ ನಿನ್ನ ಹಾಲೇ ಬೇಡ!" ಎಂದು ಪದ್ಮರಾಜಯ್ಯ ಗುಡುಗಿದರು.

ಆಕೆಯ ಸಂಸಾರ ನಡೆಯುತ್ತಿದ್ದದ್ದೇ ಆ ಹಾಲಿನಿಂದ. ಆದರೂ ಅಳಲಿಲ್ಲ. ಅಲ್ಲೇ ಇದ್ದ ಸೌಟು ತೆಗೆದುಕೊಂಡು, ಮೇಲಿನ ಕೆನೆಯನ್ನು ತನ್ನ ಚೊಂಬಿಗೆ ತುಂಬತೊಡಗಿದಳು.

"ಏನಮ್ಮ ಇದು?" ಎಂದರು ಪದ್ಮರಾಜಯ್ಯ.

"ನೀವು ಪರೀಕ್ಷೆ ಮಾಡಿದ್ದು ಕೆಳಗಿನ ಹಾಲು ಸಾಮಿ, ಅದು ನಿಮಗಿರ್ಲಿ. ಮೇಲಿಂದು ನೀವು ಮುಟ್ಟೇ ಇಲ್ವಲ್ಲ, ಮನೆಗೆ ತಗೊಂಡೋಯ್ತೀನಿ."

"ಅಯ್ಯೋ, ಬೆಣ್ಣೆಯೆಲ್ಲ ಅದರಲ್ಲೇ ಇದೆಯಲ್ಲಮ್ಮ!"

ಅಂದುಬಿಟ್ಟ ಮೇಲೆ ಅವರು ನಾಲಿಗೆ ಕಚ್ಚಿಕೊಂಡರು. ಸಾಲಿನವರೆಲ್ಲ ಗೊಳ್ಳೆಂದರು.

ಕೆನೆ ಕ್ಯಾನಿಗೆ ವಾಪಸು ಬಿತ್ತು. ಸೂಪರಿಂಟೆಂಡೆಂಟರೇ ಕೋಲು ಹಿಡಿದು ಕಲಕಿದರು. ಮತ್ತೆ ಅಳೆದೆ, ಏಳು!

"ನಾಳೆಯೂ ತಾರಮ್ಮ" ಎಂದು ಗೊಣಗಿ, ಸಿಟ್ಟನ್ನೆಲ್ಲ ಮುಂದಿನ ಕ್ಯಾನಿನ ಮೇಲೆ ತೀರಿಸುತ್ತ ಗರಗರ ತಿರುಗಿಸತೊಡಗಿದರು.

ಚಿಕ್ಕತಾಯಮ್ಮ ಕನಿಕರದಿಂದ ಅಂದಳು: "ಮೆಲ್ಲಗೆ ಸಾಮಿ, ಬೆಣ್ಣೆ ಬಂದ್ಬುಟ್ಟಾತು!"