ಗೀರಿಲ್ಲದ ರಿವಾಲ್ವರ್

ಕೊಡಗಿನ ಬೆಳ್ಯಪ್ಪನವರ ಮನೆಯಲ್ಲಿ ಎರಡು ಮ್ಯಾಗ್ನಮ್ ರಿವಾಲ್ವರುಗಳಿದ್ದವು. ಒಂದು ಎಂದೂ ಗುಂಡು ಹಾರಿಸದೆ, ತಾನು ಬಂದ ಪೆಟ್ಟಿಗೆಯಲ್ಲೇ ಥಳಥಳಿಸುತ್ತಿತ್ತು. ಇನ್ನೊಂದು ವರ್ಷ ವರ್ಷ ಹಬ್ಬದ ಪಂದ್ಯದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಹೊಡೆದು ಬಣ್ಣಗೆಟ್ಟಿತ್ತು. ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತದಂದು ಬೆಳ್ಯಪ್ಪ ಸವೆದದ್ದರ ನಳಿಗೆಗೆ ಕೋವಿ ಹೂ ಸಿಕ್ಕಿಸಿದರು. ಹೂವಿನ ತೇವ ತಾಕಿ ಹೊಳಪು ಕೆಟ್ಟೀತೆಂದು ಇನ್ನೊಂದರ ಪೆಟ್ಟಿಗೆಯನ್ನು ಮುಚ್ಚಿಯೇ ಇಟ್ಟರು.

ಪೆಟ್ಟಿಗೆಯೊಳಗಿನದು ಮುಚ್ಚಳದಡಿಯಿಂದಲೇ ಹಂಗಿಸಿತು.

“ಎಲೋ ಸವಕಲೇ, ಮೈಮೇಲೆ ಒಂದು ಗೀರಿಲ್ಲದ ನನಗಾಗಿ ಸಂಗ್ರಹಕಾರರು ಸಾಲುಗಟ್ಟಿದ್ದಾರೆ. ನಿನ್ನನ್ನು ಕೊಳ್ಳುವವರು ಯಾರಿದ್ದಾರೆ?”

“ಯಾರೂ ಇಲ್ಲಣ್ಣ,” ಎಂದಿತು ಸವೆದದ್ದು. “ಮಾರುವವರೂ ಇಲ್ಲ.”

ಮರುದಿನ ಬೆಳ್ಯಪ್ಪ ಆ ಪೆಟ್ಟಿಗೆಯನ್ನು ಸಂಗ್ರಹಕಾರರೊಬ್ಬರ ಕೈಗೆ ಒಪ್ಪಿಸಿದಾಗ, ಸವಕಲಿನ ಹೂ ಇನ್ನೂ ಬಾಡಿರಲಿಲ್ಲ.