ಬೇಟೆನಾಯಿ ಕೇಳಿದ ಬೆಲೆ

ಕಬ್ಬು ಬೆಳೆಯುವ ಒಂದು ದ್ವೀಪದ ಕುದುರೆಗಳು ಹನ್ನೆರಡು ವರ್ಷ ಕಾದಾಡಿ, ತಮ್ಮನ್ನು ಹೊಡೆದು ದುಡಿಸುತ್ತಿದ್ದ ಯಜಮಾನರನ್ನು ಕಡಲಾಚೆಗೆ ಅಟ್ಟಿದ್ದವು. ಆ ಕಾಳಗದಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡ ಮುದಿ ಕುದುರೆ ಜಬೆತ್ ಈಗ ಆ ಕುದುರೆಗಳಿಗೆಲ್ಲ ಹಿರಿಯಳು. ಒಂದು ಬೆಳಿಗ್ಗೆ ಫಿರಂಗಿ ಹೊತ್ತ ಹಡಗುಗಳು ಬಂದು ನಿಂತವು. ಯಜಮಾನರ ಬೇಟೆನಾಯಿ ದಡಕ್ಕಿಳಿದು, "ನಮ್ಮ ಸ್ವತ್ತನ್ನು ಕದ್ದಿದ್ದೀರಿ. ಅದರ ಬೆಲೆ ಕೊಡಿ," ಎಂದಿತು.

"ನಾವೇನು ಕದ್ದೆವು?" ಎಂದಳು ಜಬೆತ್.

"ನಿಮ್ಮನ್ನೇ."

"ಸತ್ತುಹೋದ ನನ್ನ ಮಕ್ಕಳು?"

"ಅವರ ಬೆಲೆಯೂ ಸೇರಿದೆ."

ಫಿರಂಗಿಗಳ ಬಾಯಿ ಊರಿನತ್ತಲೇ ತಿರುಗಿತ್ತು. ಅವಳು ಒಪ್ಪಿಕೊಂಡಳು. ಮರುದಿನದಿಂದ, ಆ ಬೆಲೆಯನ್ನು ದುಡಿದು ತೀರಿಸಲು, ಏಟೆಂದರೇನೆಂದೇ ಅರಿಯದ ಮೊಮ್ಮಕ್ಕಳ ಕೊರಳಿಗೆ ಕಬ್ಬಿನ ಗಾಣದ ಹಗ್ಗವನ್ನು ಅವಳೇ ಹಲ್ಲಿನಿಂದ ಕಟ್ಟತೊಡಗಿದಳು.